ಕಾಳುಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ, ಸ್ಯೂಡೋಮೊನಾಸ್: ನಾನು ಕೊಡುವ ಕ್ರಮ

ಮೂಡಿಗೆರೆ ಕಡೆ ಮುಂಗಾರು ಹಿಡಿದ ಮೇಲೆ ಬುಡದಲ್ಲಿ ನೀರು ನಿಂತರೆ ಫೈಟಾಫ್ತೊರಾ ಎಂಬ ಕೊಳೆರೋಗಾಣು ಬೇರಿಗೆ ಇಳಿಯುತ್ತದೆ. ಬಳ್ಳಿ ಸೊರಗಿದ ಮೇಲೆ ಟ್ರೈಕೋಡರ್ಮಾ, ಸ್ಯೂಡೋಮೊನಾಸ್‌ನಂಥ ರೋಗ ತಡೆಯುವ ಯಾವ ಜೀವಾಣು ಕೊಟ್ಟರೂ ದಂಡ. ಹಾಗಾಗಿ ಗೊಬ್ಬರ ಹದ ಮಾಡುವ ಕೆಲಸ ಮೇ ತಿಂಗಳಲ್ಲೇ ಶುರು.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕೆಜಿ, ಪುಡಿ ಮಾಡಿದ ಬೇವಿನ ಹಿಂಡಿ 10 ಕೆಜಿ, ಟ್ರೈಕೋಡರ್ಮಾ ಪುಡಿ 1 ಕೆಜಿ. ಪ್ಯಾಕೆಟ್ ಮೇಲಿನ ತಾರೀಖು ನೋಡಿಯೇ ತರಬೇಕು. ತಗಡಿನ ಸೂರಿನಡಿ ಬೇಸಿಗೆ ಕಳೆದ ಪುಡಿಯಲ್ಲಿ ಜೀವ ಉಳಿದಿರುವುದು ಅನುಮಾನ. ನೆರಳಲ್ಲಿ ಕಲಸಿ ನೀರು ಚಿಮುಕಿಸುತ್ತೇನೆ. ಹಿಡಿ ಅಮುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಅಡಿ ಎತ್ತರದ ರಾಶಿ, ಮೇಲೆ ಒದ್ದೆ ಗೋಣಿ. ಪ್ಲಾಸ್ಟಿಕ್ ಬಿಗಿದರೆ ಉಸಿರು ಕಟ್ಟುತ್ತದೆ. ವಾರಕ್ಕೊಮ್ಮೆ ಮಗುಚಿದರೆ ಹದಿನೈದು ದಿನದಲ್ಲಿ ಹಿಂಡಿಯ ಹರಳಿನ ಮೇಲೆ ಬಿಳಿ, ಆಮೇಲೆ ಹಸಿರು ಬೂಷ್ಟು ಕಾಣುತ್ತದೆ. ರಾಶಿ ಕೈ ಸುಡುವಷ್ಟು ಬಿಸಿಯಾದರೆ ಸಗಣಿ ಇನ್ನೂ ಹಸಿ ಎಂದರ್ಥ. ಆ ಕಾವಿಗೆ ಟ್ರೈಕೋಡರ್ಮಾ ಉಳಿಯುವುದಿಲ್ಲ. ಬೂದಿ, ಸುಣ್ಣ ಇದಕ್ಕೆ ಸೇರಿಸಲೇಬೇಡಿ. ನಮ್ಮ ಹುಳಿ ಮಣ್ಣಿಗೆ ಸುಣ್ಣ ಬೇಕು ನಿಜ. ಅದನ್ನು ಎರಡು ವರ್ಷಕ್ಕೊಮ್ಮೆ, ಏಪ್ರಿಲ್ ಮಳೆ ಬಿದ್ದಾಗ, ಬಳ್ಳಿಗೆ 500 ಗ್ರಾಂನಂತೆ ಬೇರೆಯಾಗಿ ಕೊಟ್ಟಿರುತ್ತೇನೆ.

ಹಾಕುವಾಗ ದರಗು (ಒಣ ಎಲೆ) ಸರಿಸಿ, ಬುಡದ ಸುತ್ತ ಬಳ್ಳಿಗೆ 5 ಕೆಜಿ ಹರಡಿ, ಮತ್ತೆ ದರಗು ಎಳೆಯುವುದು. ಗುದ್ದಲಿ ಬೇಡ, ಬೇರಿಗೆ ಗಾಯವಾದರೆ ರೋಗಕ್ಕೆ ನಾವೇ ಬಾಗಿಲು ತೆಗೆದಂತೆ. ಮಳೆ ಸ್ವಲ್ಪ ಹೊಳವಾದಾಗ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ.

ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ, ಟ್ರೈಕೋಡರ್ಮಾ ಶಿಲೀಂಧ್ರ. ಕೆಲವು ತಳಿಗಳು ಒಂದನ್ನೊಂದು ತಡೆಯುವುದರಿಂದ ಒಂದೇ ರಾಶಿಗೆ ಬೆರೆಸುವುದಿಲ್ಲ. ಗೊಬ್ಬರ ಹಾಕಿ ಎರಡು ವಾರ ಬಿಟ್ಟು, 10 ಲೀಟರ್ ನೀರಿಗೆ ಸ್ಯೂಡೋಮೊನಾಸ್ ಪುಡಿ 200 ಗ್ರಾಂ ಕದಡಿ, ಸಂಜೆ ಹೊತ್ತು ಬುಡಕ್ಕೆ ಎರಡು ಮೂರು ಲೀಟರ್ ಹುಯ್ಯಿಸುತ್ತೇನೆ. ಕ್ಲೋರಿನ್ ಹಾಕಿದ ನಲ್ಲಿ ನೀರು ಆಗದು.

ದುಡ್ಡು ಹೆಚ್ಚು ಪೋಲಾಗುವುದು ತಾಮ್ರದಿಂದ. ಜೀವಾಣು ಕೊಟ್ಟ ಬುಡಕ್ಕೇ ವಾರದೊಳಗೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧಿ ಹುಯ್ದರೆ ಜೀವಾಣುವಿನ ಖರ್ಚು ನೀರುಪಾಲು. ಎಲೆಗೆ ಶೇ 1ರ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ತಪ್ಪಿಸಲಾಗದು. ಅದನ್ನು ಮೊದಲು ಮುಗಿಸಿ, ಮೂರು ವಾರ ಬಿಟ್ಟು ಗೊಬ್ಬರ ಹಾಕುತ್ತೇನೆ. ಮುಂದಿನ ಸಿಂಪಡಣೆಗೆ ದರಗು ದಪ್ಪಗಿದ್ದರೆ ತೊಟ್ಟಿಕ್ಕಿದ್ದು ಮೇಲೇ ನಿಲ್ಲುತ್ತದೆ. ನಡುವೆ ಬುಡಕ್ಕೆ ಔಷಧಿ ಬೇಕೇ ಬೇಕಾದರೆ ಪೊಟ್ಯಾಸಿಯಂ ಫಾಸ್ಫೊನೇಟ್, ಟ್ರೈಕೋಡರ್ಮಾಕ್ಕೆ ಅದರಿಂದ ತೊಂದರೆಯಿಲ್ಲ.

ಇಷ್ಟೆಲ್ಲ ಮಾಡಿಯೂ ಬಸಿಗಾಲುವೆ ಮುಚ್ಚಿಹೋಗಿರುವ ತಗ್ಗಿನ ಸಾಲಿನಲ್ಲಿ ಬಳ್ಳಿ ಹೋಗುತ್ತದೆ. ಅಲ್ಲಿ ಮೊದಲು ಗುದ್ದಲಿ, ಆಮೇಲೆ ಗೊಬ್ಬರ.