ಜೋಗಿಮಟ್ಟಿ ಇಳಿಯುವ ಓಟ: ನನ್ನ ಅನುಭವ

ಜೋಗಿಮಟ್ಟಿ ಬೆಟ್ಟ ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ಸೋಲುತ್ತದೆ. ಚಿತ್ರದುರ್ಗದಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ನನಗೆ ಇದು ಪ್ರತಿ ಬ್ಯಾಚಿನಲ್ಲೂ ಕಾಣುತ್ತದೆ. ಪರೀಕ್ಷೆಯಲ್ಲಿ ಹುಡುಗರು 1600 ಮೀಟರ್ ಓಡಬೇಕು. ಜಿಗಿತವೂ ಇದೆ, ಗುಂಡು ಎಸೆತವೂ ಇದೆ. ಆದರೆ ಹೆಚ್ಚಿನವರು ಓಟ ಒಂದನ್ನೇ ಅಭ್ಯಾಸ ಮಾಡುತ್ತಾರೆ. ಜಿಗಿತ ಆ ದಿನ ಹೇಗೋ ಆಗುತ್ತದೆ ಅಂತ ಅವರ ಲೆಕ್ಕ.

ನಮ್ಮ ಅಭ್ಯಾಸ ಒನಕೆ ಓಬವ್ವ ಕ್ರೀಡಾಂಗಣದಲ್ಲಿ. ಭಾನುವಾರ ಮಾತ್ರ ಜೋಗಿಮಟ್ಟಿ ರಸ್ತೆ. ಹೊಸಬರು ಏದುಸಿರು ಬಿಡುತ್ತಾ ಹತ್ತುತ್ತಾರೆ, ಇಳಿಯುವಾಗ ಖುಷಿಯಿಂದ ಜೋರಾಗಿ ಓಡಿ ಬರುತ್ತಾರೆ. ಸೋಮವಾರ ಅಷ್ಟೇನೂ ಗೊತ್ತಾಗುವುದಿಲ್ಲ. ಮಂಗಳವಾರ ಬೆಳಗ್ಗೆ ಶುರು: 'ಸರ್, ಕೂತ್ರೆ ಏಳೋಕೆ ಆಗ್ತಿಲ್ಲ, ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ ಅನ್ಸುತ್ತೆ.' ಈ ಲ್ಯಾಕ್ಟಿಕ್ ಆಸಿಡ್ ಮಾತು ಯಾವ ಮೈದಾನಕ್ಕೆ ಹೋದರೂ ಕೇಳಿಸುತ್ತದೆ. ಮೈಯಲ್ಲಿ ಅದು ಇರುವುದು ಲ್ಯಾಕ್ಟೇಟ್ ರೂಪದಲ್ಲಿ. ಓಟದಲ್ಲಿ ಹೆಚ್ಚಾದ ಲ್ಯಾಕ್ಟೇಟ್ ಒಂದೆರಡು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಮಂಗಳವಾರದ ನೋವಿಗೆ ಅದು ಕಾರಣ ಅಲ್ಲವೇ ಅಲ್ಲ.

ಕಾರಣ ಇಳಿಜಾರು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮಂಡಿಯನ್ನು ನೆಟ್ಟಗೆ ಮಾಡುತ್ತದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರಕ್ಕೆ ಮಂಡಿ ಮಡಚುತ್ತದೆ. ಅದನ್ನು ತಡೆಯಲು ಅದೇ ಸ್ನಾಯು ಬಿಗಿಯಾಗಿ ಎಳೆಯುತ್ತದೆ, ಆದರೂ ಉದ್ದವಾಗುತ್ತಾ ಹೋಗುತ್ತದೆ. ಘಾಟಿ ಇಳಿಯುವ ಲಾರಿಯ ಬ್ರೇಕ್ ಕೆಲಸ ಅದು. ಹೀಗೆ ಹಿಗ್ಗುವಾಗ ಸ್ನಾಯು ಕುಗ್ಗುವಾಗಿನದಕ್ಕಿಂತ ಜಾಸ್ತಿ ಭಾರ ತಡೆಯುತ್ತದೆ, ಬಳಸುವ ಆಮ್ಲಜನಕ ಮಾತ್ರ ಕಡಿಮೆ. 1952ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ, ಒಬ್ಬರು ಪೆಡಲ್ ತುಳಿಯುವಂತೆ, ಇನ್ನೊಬ್ಬರು ಅದನ್ನು ತಡೆಯುವಂತೆ ಮಾಡಿ ಇದನ್ನು ತೋರಿಸಿದರು. ತಡೆಯುವವರಿಗೆ ಬೇಕಾದ ಆಮ್ಲಜನಕ ತುಂಬಾ ಕಡಿಮೆ ಇತ್ತು. ಹಾಗಾಗಿ ಇಳಿಯುವಾಗ ಏದುಸಿರು ಬರುವುದಿಲ್ಲ, ಸಾಕು ನಿಲ್ಲಿಸು ಅಂತ ಮೈ ಹೇಳುವುದಿಲ್ಲ. ಒಳಗೆ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಅತಿಯಾಗಿ ಹಿಗ್ಗಿ ಪೆಟ್ಟು ತಿಂದಿರುತ್ತವೆ. ಆ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ.

ಒಳ್ಳೆಯ ವಿಷಯ ಏನೆಂದರೆ, ಸ್ವಲ್ಪ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟಾಗಿ ನೋಯುವುದಿಲ್ಲ. ನನ್ನ ಭಾನುವಾರದ ಲೆಕ್ಕವೆಲ್ಲ ಇದರ ಮೇಲೆಯೇ. ಹೊಸಬರು ಓಡಿ ಹತ್ತಬೇಕು, ನಡೆದು ಇಳಿಯಬೇಕು. ಇಳಿಜಾರು ಕಡಿಮೆ ಇರುವ ಕೊನೆಯ ತುಂಡು ಮಾತ್ರ ಓಟ, ಅದೂ ಚಿಕ್ಕ ಹೆಜ್ಜೆಯಲ್ಲಿ. ವಾರ ಕಳೆದಂತೆ ಆ ತುಂಡನ್ನು ಉದ್ದ ಮಾಡುತ್ತೇನೆ. ಪರೀಕ್ಷೆಗೆ ಎರಡು ವಾರ ಇದೆ ಅನ್ನುವಾಗ ಇಳಿಯುವ ಓಟ ಬಂದ್.

ನೋವು ಹೋಯಿತೆಂದರೆ ಬಲ ಬಂತು ಅಂತಲ್ಲ. ಅದಕ್ಕೇ ಅಭ್ಯಾಸಕ್ಕೆ ಮೊದಲು ಎಲ್ಲರೂ ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆ ಪಕ್ಕ ನಿಂತಲ್ಲಿಂದಲೇ ಹಾರಿ ಗುರುತು ಹಾಕಬೇಕು. ಗುರುತು ಮಾಮೂಲಿಗಿಂತ ಚೆನ್ನಾಗಿ ಕೆಳಗೆ ಬಿದ್ದರೆ ಆ ಹುಡುಗನಿಗೆ ಅವತ್ತು ಜಿಗಿತ ಇಲ್ಲ. 'ಚೆನ್ನಾಗಿದೀನಿ ಸರ್' ಅಂದರೂ ಕೇಳುವುದಿಲ್ಲ, ಗೋಡೆ ಹೇಳಿದ್ದೇ ಲೆಕ್ಕ.

ಅದೇ ಗೋಡೆಯಲ್ಲಿ ಇನ್ನೊಂದು ಪಾಠ ಆಗುತ್ತದೆ. ಅರ್ಧ ಕೂತು, ಮೂರು ಎಣಿಸಿ, ಹಾರಿ ಅನ್ನುತ್ತೇನೆ. ಆಮೇಲೆ ಕೂತ ಕೂಡಲೇ, ತಡೆಯದೆ ಹಾರಿ ಅನ್ನುತ್ತೇನೆ. ಎರಡನೆಯದು ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್ ಮೇಲಿರುತ್ತದೆ. ಬಗ್ಗುವಾಗಲೇ ಸ್ನಾಯು ಪೂರ್ತಿ ಬಿಗಿಯಾಗಿರುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳು ಹಿಗ್ಗಿ ಶಕ್ತಿ ಹಿಡಿದಿಟ್ಟು ಕುಗ್ಗುವಾಗ ಮರಳಿ ಕೊಡುತ್ತವೆ. ತಡ ಮಾಡಿದರೆ ಆ ಲಾಭ ಕರಗುತ್ತದೆ. ಓಟದಲ್ಲಿ ಹಿಮ್ಮಡಿಯ ಮೇಲಿನ ಅಕಿಲಿಸ್ ನಾರೂ ಹೀಗೆಯೇ. ಹಿಗ್ಗುವುದು, ಕುಗ್ಗುವುದು ಹೆಚ್ಚಾಗಿ ಅದೇ. ಮೀನಖಂಡದ ಸ್ನಾಯು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಇದಕ್ಕಾಗಿ ನಮ್ಮಲ್ಲಿ ಹಗ್ಗದಾಟ, ಅಂದರೆ ಸ್ಕಿಪ್ಪಿಂಗ್, ಇದೆ. ಹುಡುಗಿಯರ ಆಟ ಅಂತ ಮೊದಲು ನಗುತ್ತಾರೆ, ಒಂದು ನಿಮಿಷಕ್ಕೇ ಸುಮ್ಮನಾಗುತ್ತಾರೆ.

1600 ಮೀಟರಿನ ಕೊನೆಯ ಸುತ್ತಿನಲ್ಲಿ ನಾನು ಕಣ್ಣಿಗಿಂತ ಕಿವಿಯನ್ನು ಜಾಸ್ತಿ ನಂಬುತ್ತೇನೆ. ದಣಿದ ಕಾಲಿನ ಸದ್ದೇ ಬೇರೆ, ಧಪ್ ಧಪ್ ಅನ್ನುತ್ತದೆ. ಸ್ನಾಯುವಿನಲ್ಲಿ ಫಾಸ್ಫೇಟ್ ಸೇರಿಕೊಂಡು, ಅದನ್ನು ಬಿಗಿಯಾಗಿಸುವ ಕ್ಯಾಲ್ಸಿಯಂ ಬಿಡುಗಡೆ ತಗ್ಗಿ, ಎಳೆತ ಸಡಿಲವಾಗಿರುತ್ತದೆ. ಪಾದ ನೆಲದ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತದೆ. ಆಗ ಹೆಜ್ಜೆ ಉದ್ದ ಮಾಡು ಅಂತ ಕೂಗಿ ಪ್ರಯೋಜನ ಇಲ್ಲ. 'ಚಿಕ್ಕದು, ಬೇಗ' ಅಂತ ಕೂಗುತ್ತೇನೆ.

ಸ್ಟ್ರೆಚಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರಿಂದ ಮಂಗಳವಾರದ ನೋವು ಅಷ್ಟೇನೂ ತಪ್ಪುವುದಿಲ್ಲ. ಜಿಗಿತಕ್ಕೆ ಮುಂಚೆ ತುಂಬಾ ಹೊತ್ತು ಎಳೆದು ಹಿಡಿದರೆ ಜಿಗಿತ ತುಸು ಕಡಿಮೆಯೂ ಆಗಬಹುದು. ಅದನ್ನು ನಾನು ಅಭ್ಯಾಸದ ಕೊನೆಗೆ ಇಟ್ಟಿದ್ದೇನೆ. ಇನ್ನೊಂದು ಮಾತನ್ನು ಹೊಸ ಬ್ಯಾಚಿಗೆ ಮೊದಲ ದಿನವೇ ಹೇಳಿರುತ್ತೇನೆ: ಕಾಲು ಊದಿಕೊಂಡು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಅದು ಮಾಮೂಲಿ ನೋವಲ್ಲ. ನೋವಿನ ಮಾತ್ರೆ ನುಂಗಿ ಮಲಗಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.