ಜುಲೈ ಮಳೆಗೂ ನಿಲ್ಲದ ವ್ಯಾಯಾಮ: ಆರಿಸಿಕೊಳ್ಳುವುದು ಹೇಗೆ?

ಕೊಡಗಿನಲ್ಲಿ ಯಾರಿಗಾದರೂ ‘ಸ್ವಲ್ಪ ವ್ಯಾಯಾಮ ಮಾಡಿ’ ಅಂತ ಹೇಳಿ ನೋಡಿ. ‘ದಿನಾ ತೋಟ ಸುತ್ತುತ್ತೇನಲ್ಲ, ಇನ್ನೇನು ಬೇಕು?’ ಅನ್ನುವ ಉತ್ತರ ರೆಡಿ ಇರುತ್ತದೆ. ಇನ್ನು ಕೆಲವರು ಜನವರಿ ಒಂದಕ್ಕೆ ಹೊಸ ಶೂ ತಂದು, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ಜೋರಾಗಿ ಶುರು ಮಾಡುತ್ತಾರೆ. ಫೆಬ್ರವರಿಯಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಜೋರಾಗಿರುತ್ತದೆ. ಜೂನ್‌ನಲ್ಲಿ ಮಳೆ ಬರುತ್ತದೆ. ಆಗಸ್ಟ್ ಹೊತ್ತಿಗೆ ಶೂ ಮೇಲೆ ಬೂಷ್ಟು.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿನ ಪಾರ್ಕಿಗೆ ಅಂತ ಮಾಡಿದ ಪ್ಲಾನ್ ಇಲ್ಲಿ ಬಾಳುವುದಿಲ್ಲ. ಹಾಗಾಗಿ ನಮ್ಮ ಲೆಕ್ಕ ಸರಳ. ಜುಲೈ ಮೂರನೇ ವಾರ, ಕರೆಂಟ್ ಹೋಗಿದೆ, ಹೊರಗೆ ಧೋ ಅಂತ ಸುರಿಯುತ್ತಿದೆ. ಆ ದಿನವೂ ಮಾಡಬಹುದಾದದ್ದು ಏನಾದರೂ ನಿಮ್ಮ ಪಟ್ಟಿಯಲ್ಲಿದ್ದರೆ ಅದು ಒಳ್ಳೆಯ ಪ್ಲಾನ್. ಇಲ್ಲದಿದ್ದರೆ ಅದು ಅರ್ಧ ವರ್ಷದ ಪ್ಲಾನ್, ಅಷ್ಟೇ.

ಹಂತ 1: ಡಾಕ್ಟರ್ ಹತ್ತಿರ ಹೋಗಬೇಕಾದವರು ಮೊದಲು ಹೋಗಿ

ಬಿಪಿ, ಶುಗರ್, ಹೃದಯದ ತೊಂದರೆ ಇದ್ದವರು, ಏರು ಹತ್ತುವಾಗ ಎದೆ ಹಿಡಿದಂತಾಗುವವರು, ತಲೆ ಸುತ್ತಿ ಬಿದ್ದವರು, ವರ್ಷಗಟ್ಟಲೆ ಸುಮ್ನೆ ಕೂತಿದ್ದು ಈಗ ಓಡಲು ಹೊರಟವರು ಒಮ್ಮೆ ತೋರಿಸಿಕೊಳ್ಳಿ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ವ್ಯಾಯಾಮದ ಸಮಯವನ್ನೂ ಕೇಳಿಕೊಳ್ಳಿ. ಕೆಲವು ಔಷಧಿ ತಗೊಂಡು ಖಾಲಿ ಹೊಟ್ಟೆಯಲ್ಲಿ ನಡೆದರೆ ಶುಗರ್ ತುಂಬ ಇಳಿದುಬಿಡಬಹುದು. ಆರಾಮವಾಗಿ ಇರುವವರು ನಿಧಾನ ನಡಿಗೆ ಶುರು ಮಾಡಲು ಯಾರನ್ನೂ ಕೇಳಬೇಕಿಲ್ಲ.

ಹಂತ 2: ಈಗ ಎಲ್ಲಿದ್ದೀರಿ ನೋಡಿಕೊಳ್ಳಿ

ದುಬಾರಿ ವಾಚ್ ಬೇಡ. ಒಂದು ಕುರ್ಚಿ ಸಾಕು. ಗೋಡೆಗೆ ತಾಗಿಸಿ ಇಡಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಪೂರ್ತಿ ಎದ್ದು ನಿಲ್ಲಿ, ಪೂರ್ತಿ ಕೂರಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಆಯಿತು ಅಂತ ಮನೆಯವರು ಎಣಿಸಲಿ. ವಯಸ್ಸಾದವರು ಬೀಳುವ ಅಪಾಯ ಎಷ್ಟಿದೆ ಅಂತ ತಿಳಿಯಲು ವೈದ್ಯರು ಬಳಸುವ ಪರೀಕ್ಷೆಯೇ ಇದು. 60ರಿಂದ 64 ವಯಸ್ಸಿನ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಶಕ್ತಿ ಸರಾಸರಿಗಿಂತ ಕೆಳಗಿದೆ ಅಂತ ಅರ್ಥ. ನಲವತ್ತರ ಆಸುಪಾಸಿನಲ್ಲೇ ನಿಮಗೆ ಅಷ್ಟು ಬರಲಿಲ್ಲವೇ? ಹಾಗಾದರೆ ತಡಿಯಂಡಮೋಳ್ ಬೆಟ್ಟ ಹತ್ತುವ ಮಾತು ಸದ್ಯ ಬೇಡ, ಕುರ್ಚಿಯಿಂದಲೇ ಶುರು ಮಾಡಿ.

ಎರಡನೆಯದು ಮಾತಿನ ಪರೀಕ್ಷೆ. ನಡೆಯುವಾಗ ಪಕ್ಕದವರ ಜತೆ ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಅದು ಮಧ್ಯಮ ವೇಗ. ನಾಲ್ಕು ಪದ ಆಡುವಷ್ಟರಲ್ಲಿ ಉಸಿರು ಎಳೆಯಬೇಕಾದರೆ ಅದು ಜೋರು ವ್ಯಾಯಾಮ.

ತೋಟ ಸುತ್ತುವವರ ವಿಷಯ ಇಲ್ಲಿಗೇ ಬರುತ್ತದೆ. ಗಿಡದ ಬುಡ ನೋಡುತ್ತಾ, ತೋಟದ ಲೆಕ್ಕ ನೋಡುವ ರೈಟರ್ ಜತೆ ಮಾತಾಡುತ್ತಾ, ಮೆಣಸಿನ ಬಳ್ಳಿಗೆ ರೋಗ ಬಂತಾ ಅಂತ ನಿಂತು ನಿಂತು ಹೋಗುವ ನಡಿಗೆಯಲ್ಲಿ ಆರಾಮವಾಗಿ ಹಾಡಬಹುದು. ಸುಮ್ಮನೆ ಕೂತಿರುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಹೃದಯಕ್ಕೆ ಬೇಕಾದ ಕೆಲಸ ಅದರಿಂದ ಸಿಗುವುದಿಲ್ಲ. ಅದೂ ಈಗೀಗ ಅರ್ಧ ತೋಟವನ್ನು ಬೈಕಿನಲ್ಲೇ ಸುತ್ತುತ್ತೇವೆ, ಅಲ್ವಾ?

ಹಂತ 3: ದಿನದ ಕೆಲಸ ಕೊಡದೇ ಇರುವುದನ್ನು ಆರಿಸಿ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಹೀಗಿದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಜೋರಿನದು. ಅದರ ಜತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. 65 ದಾಟಿದವರಿಗೆ ಇದರೊಳಗೇ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವೂ ಸೇರಬೇಕು.

ಇದನ್ನು ಎಲ್ಲರೂ ಒಂದೇ ಥರ ತುಂಬಿಸಬೇಕಿಲ್ಲ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಅಂಗಡಿ ಗಲ್ಲಾದಲ್ಲಿ ಕೂರುವವರಿಗೆ ಮೊದಲು ಬೇಕಾದದ್ದು ನಡಿಗೆ. ದಿನವಿಡೀ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಕುಯ್ಯುವವರಿಗೆ ಸಂಜೆ ಮತ್ತೆ ನಡೆಯಿರಿ ಅನ್ನುವುದು ತಮಾಷೆಯಾಗುತ್ತದೆ. ಅವರಿಗೆ ಬೇಕಾದದ್ದು ಬೆನ್ನು ಮತ್ತು ಭುಜಕ್ಕೆ ಹತ್ತು ನಿಮಿಷದ ವ್ಯಾಯಾಮ, ಆಮೇಲೆ ವಿಶ್ರಾಂತಿ. ಹೋಂಸ್ಟೇ ನಡೆಸುವವರು ದಿನವಿಡೀ ನಿಂತೇ ಇರುತ್ತಾರೆ, ಆದರೆ ಏದುಸಿರು ಬರುವಂಥದ್ದು ಏನೂ ಇರುವುದಿಲ್ಲ. ಅವರು ದಿನಕ್ಕೆ ಕಾಲು ಗಂಟೆ ಏರು ಹತ್ತಿದರೂ ಸಾಕು. ಎಲ್ಲ ಗುಂಪಿನವರೂ ತಪ್ಪಿಸುವುದು ಮಾತ್ರ ಒಂದನ್ನೇ, ಸ್ನಾಯುವಿನ ವ್ಯಾಯಾಮ. ಮೊದಲು ಅದಕ್ಕೆ ಜಾಗ ಮಾಡಿ.

ಜಿಮ್ ದೂರ ಇದ್ದರೆ ಚಿಂತೆ ಬೇಡ. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಕುರ್ಚಿಯಿಂದ ಏಳುವುದು, ಮೆಟ್ಟಿಲ ಮೇಲೆ ತುದಿಗಾಲಲ್ಲಿ ನಿಲ್ಲುವುದು, ಹಳೆ ಬ್ಯಾಗಿಗೆ ಐದು ಕಿಲೋ ಅಕ್ಕಿ ಹಾಕಿ ಸೊಂಟದವರೆಗೆ ಎಳೆದು ಇಳಿಸುವುದು. ಈ ನಾಲ್ಕನ್ನು ತಲಾ 10 ಸಲ, ಎರಡು ಸುತ್ತು ಮಾಡಿದರೆ 20 ನಿಮಿಷ. ಜಗುಲಿಯಲ್ಲೇ ಆಗುತ್ತದೆ, ಕರೆಂಟ್ ಬೇಡ. ಜುಲೈ ಪರೀಕ್ಷೆಯಲ್ಲಿ ಪಾಸ್. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಸುಲಭವಾದರೆ ಅಕ್ಕಿ ಹೆಚ್ಚಿಸಿ.

ಕಾಫಿ ಒಣಗಿಸುವ ಸಿಮೆಂಟ್ ಕಣ ಇರುವವರ ಹತ್ತಿರ ಇನ್ನೊಂದು ಆಸ್ತಿ ಇದೆ. ಈ ಜಿಲ್ಲೆಯಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಕೊಯ್ಲು ಮುಗಿದ ಮೇಲೆ ಕಣ ಖಾಲಿ ಬಿದ್ದಿರುತ್ತದೆ. ಸ್ಕಿಪ್ಪಿಂಗ್, ಚುರುಕು ನಡಿಗೆ, ಮಕ್ಕಳ ಜತೆ ಬ್ಯಾಡ್ಮಿಂಟನ್, ಎಲ್ಲಕ್ಕೂ ಸರಿ. ಮಳೆಗಾಲದಲ್ಲಿ ಮಾತ್ರ ಅಲ್ಲಿ ಕಾಲಿಡಬೇಡಿ. ಪಾಚಿ ಕಟ್ಟಿದ ಸಿಮೆಂಟಿನ ಮೇಲೆ ಜಾರಿದರೆ ಮಣಿಕಟ್ಟು ಮುರಿಯುತ್ತದೆ.

ಹಂತ 4: ಗುರಿಯನ್ನು ನಿಮಿಷದಲ್ಲಿ ಇಡಿ, ಹೆಜ್ಜೆಯಲ್ಲಿ ಬೇಡ

ಹತ್ತು ಸಾವಿರ ಹೆಜ್ಜೆ ಅನ್ನುವ ಸಂಖ್ಯೆ ಯಾವ ವೈದ್ಯರ ಚೀಟಿಯಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಅದು ಜಗತ್ತಿಗೆಲ್ಲ ಹರಡಿತು. ಅದರಲ್ಲಿ ತಪ್ಪೇನಿಲ್ಲ, ಆದರೆ ಕೊಡಗಿನ ನೆಲಕ್ಕೆ ಅದು ಹೊಂದುವುದಿಲ್ಲ. ಕುಶಾಲನಗರದ ಸಮತಟ್ಟು ರಸ್ತೆಯಲ್ಲಿ ಇಟ್ಟ ಸಾವಿರ ಹೆಜ್ಜೆಯೂ ಮಡಿಕೇರಿಯ ರಾಜಾಸೀಟ್ ಕಡೆಯ ಏರಿನಲ್ಲಿ ಇಟ್ಟ ಸಾವಿರ ಹೆಜ್ಜೆಯೂ ಫೋನಿಗೆ ಒಂದೇ. ನಿಮ್ಮ ಎದೆಬಡಿತಕ್ಕೆ ಒಂದೇ ಅಲ್ಲ.

ಆದ್ದರಿಂದ ‘ಮಾತಾಡಬಹುದು, ಹಾಡಲಾಗದು’ ಅನ್ನುವ ವೇಗದಲ್ಲಿ ವಾರಕ್ಕೆ ಎಷ್ಟು ನಿಮಿಷ ಅಂತ ಗುರಿ ಇಡಿ. ಹೊಸಬರು ವಾರಕ್ಕೆ 60 ನಿಮಿಷದಿಂದ ಶುರು ಮಾಡಬಹುದು. ನಾಲ್ಕು ದಿನ, ದಿನಕ್ಕೆ 15 ನಿಮಿಷ. ಪ್ರತಿ ವಾರ ಹತ್ತೋ ಹದಿನೈದೋ ನಿಮಿಷ ಸೇರಿಸಿ. ಎರಡು ತಿಂಗಳ ಹೊತ್ತಿಗೆ 150 ತಲುಪುತ್ತೀರಿ. ಏರಿನಲ್ಲಿ ಏದುಸಿರು ಬಂದರೆ ನಿಧಾನ ಮಾಡಿ. ಪಕ್ಕದ ಮನೆಯವರು ದಾಟಿ ಹೋದರೆ ಹೋಗಲಿ ಬಿಡಿ.

ತೂಕವನ್ನು ಮೊದಲ ಗುರಿ ಮಾಡಿಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. 70 ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 150 ಕ್ಯಾಲೊರಿ ಖರ್ಚಾಗುತ್ತದೆ. 60 ಮಿಲಿಲೀಟರಿನ ಒಂದು ಲಾರ್ಜ್ ವಿಸ್ಕಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇದೆ. ಮದುವೆ ಮನೆಯಲ್ಲಿ ಒಂದಕ್ಕೆ ಯಾರು ನಿಲ್ಲಿಸುತ್ತಾರೆ ಹೇಳಿ! ಪಂದಿಕರಿ, ಕಡಂಬಿಟ್ಟಿನ ಲೆಕ್ಕ ನಾನು ಹಾಕುವುದಿಲ್ಲ. ತೂಕ ಇಳಿಸಲೇಬೇಕಾದರೆ ವಾರಕ್ಕೆ ಅರ್ಧ ಕಿಲೋ ಸಾಕು, ಅದರಲ್ಲಿ ಹೆಚ್ಚಿನ ಕೆಲಸ ಊಟದ ತಟ್ಟೆಯಲ್ಲೇ ಆಗಬೇಕು. ತಕ್ಕಡಿಗಿಂತ ದರ್ಜಿಯ ಟೇಪು ಒಳ್ಳೆಯದು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅನ್ನುವುದು ನಮ್ಮ ದೇಶದವರಿಗೆ ಹಾಕಿದ ಮಿತಿ.

ಹಂತ 5: ಇಳಿಯುವುದನ್ನು ಕಲಿಯಿರಿ

ಏರು ಹತ್ತಿದ್ದಕ್ಕೆ ಉಸಿರು ಸಾಲದು, ಇಳಿದದ್ದಕ್ಕೆ ಮಂಡಿ ನೋವು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಉದ್ದವಾಗುತ್ತಲೇ ದೇಹದ ಭಾರವನ್ನು ತಡೆಹಿಡಿಯುತ್ತದೆ. ಅಭ್ಯಾಸವಿಲ್ಲದಿದ್ದರೆ ಎರಡನೇ ದಿನ ಮೆಟ್ಟಿಲು ಇಳಿಯಲೂ ಆಗುವುದಿಲ್ಲ. ಆ ನೋವು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಜೋರಾಗಿದ್ದು ತಾನಾಗಿ ಹೋಗುತ್ತದೆ. ಹಾಗಲ್ಲದೆ ಕೀಲಿನಲ್ಲೇ ಚುಚ್ಚುವ ನೋವು, ಊತ, ಮಂಡಿ ಸಿಕ್ಕಿಕೊಂಡಂತೆ ಆಗುವುದು ಬೇರೆ ವಿಷಯ. ಅದನ್ನು ತೋರಿಸಬೇಕು.

ಮೊದಲ ತಿಂಗಳು ಏರು ನಡೆದು ಹತ್ತಿ, ಇಳಿಯಲು ಬಸ್ಸೋ ಆಟೋವೋ ಹಿಡಿಯಿರಿ. ನಗಬೇಡಿ, ಮಂಡಿ ನೋವಿದ್ದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅಷ್ಟರಲ್ಲಿ ಮನೆಯಲ್ಲಿ ಕುರ್ಚಿ ವ್ಯಾಯಾಮ ನಡೆಯಲಿ. ಏಳುವಾಗ ಬೇಗ, ಕೂರುವಾಗ ನಾಲ್ಕು ಎಣಿಸಿ ನಿಧಾನ. ಧಪ್ ಅಂತ ಬೀಳಬಾರದು. ಆ ನಿಧಾನವಾಗಿ ಕೂರುವುದೇ ಇಳಿಜಾರಿನ ತಾಲೀಮು. ಆಮೇಲೆ ಇಳಿಯುವಾಗ ಪುಟ್ಟ ಹೆಜ್ಜೆ, ಮಂಡಿ ಸ್ವಲ್ಪ ಬಾಗಿರಲಿ, ಕೈಯಲ್ಲಿ ಒಂದು ಕೋಲು.

ನಮ್ಮ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ತಮ್ಮ ಮಂಡಿ ತೊಂದರೆಗೆ ಅಯ್ಯಂಗಾರ್ ಯೋಗ ನೆರವಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ವಯಸ್ಸಾಯಿತು ಅಂತ ಕೂತವರು ಇದನ್ನು ಗಮನಿಸಬಹುದು.

1,748 ಮೀಟರ್ ಎತ್ತರದ ತಡಿಯಂಡಮೋಳ್ ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟ. ಅದನ್ನು ಹತ್ತಬೇಕು ಅನ್ನುವ ಗುರಿ ಚೆನ್ನಾಗಿದೆ. ಮಂಡಿ ಇಳಿಜಾರನ್ನು ತಡೆದುಕೊಳ್ಳುವಂತಾದ ಮೇಲೆ, ಮಳೆ ನಿಂತ ನಂತರ, ಅರಣ್ಯ ಇಲಾಖೆಯ ನಿಯಮ ವಿಚಾರಿಸಿಕೊಂಡು ಹೋಗಿ.

ಹಂತ 6: ಕ್ಯಾಲೆಂಡರನ್ನು ಕಾಫಿ ನೋಡಿ ಹಾಕಿ

ಅರೇಬಿಕಾ ಇದ್ದವರಿಗೆ ನವೆಂಬರ್‌ನಿಂದ, ರೊಬಸ್ಟಾ ಇದ್ದವರಿಗೆ ಜನವರಿಯಿಂದ ಮೈ ಮುರಿಯುವಷ್ಟು ಕೆಲಸ. ಆಗ ಹೊಸ ಗುರಿ ಇಡಬೇಡಿ. ಗಳಿಸಿದ್ದನ್ನು ಉಳಿಸಿಕೊಂಡರೆ ಸಾಕು. ಉಳಿಸಿಕೊಳ್ಳಲು ಬೇಕಾದದ್ದು ತುಂಬ ಕಮ್ಮಿ. ವಾರಕ್ಕೆ ಒಂದೇ ದಿನ ಸ್ನಾಯು ವ್ಯಾಯಾಮ ಮಾಡಿದರೂ, ಭಾರ ಇಳಿಸದಿದ್ದರೆ, ಶಕ್ತಿ ಕೆಲವು ವಾರ ಹಾಗೇ ಇರುತ್ತದೆ. ಪೂರ್ತಿ ಬಿಟ್ಟವರು ಎರಡು ಮೂರು ವಾರ ಕಳೆದು ಮತ್ತೆ ಶುರು ಮಾಡುವಾಗ ಹಳೆಯ ಲೆಕ್ಕದ ಅರ್ಧದಿಂದ ಶುರು ಮಾಡಿ.

ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆಯವರಿಗೆ ಒಂದು ಮಾತು. ಬೆಳಗಿನ ಜಾವದ ವಾಕಿಂಗ್ ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ. ಆನೆಗಳು ತೋಟದಿಂದ ಕಾಡಿಗೆ ಮರಳುವ ಹೊತ್ತೂ ಅದೇ. ಪೂರ್ತಿ ಬೆಳಕಾದ ಮೇಲೆ ಹೊರಡಿ, ಕಿವಿಗೆ ಇಯರ್‌ಫೋನ್ ಬೇಡ, ಊರಿನ ವಾಟ್ಸಾಪ್ ಗುಂಪು ಒಮ್ಮೆ ನೋಡಿ. ಸಂಜೆ ಐದಕ್ಕೆ ನಡೆದರೂ ಹೃದಯಕ್ಕೆ ಅಷ್ಟೇ ಲಾಭ.

ಹಂತ 7: ಹಾಕಿ ಹಬ್ಬಕ್ಕೆ ಆಡುವವರಿಗೆ

1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದ ಸೊಗಸೇ ಎಲ್ಲ ವಯಸ್ಸಿನವರೂ ಕೂಡಿ ಆಡುವುದು. ವರ್ಷವಿಡೀ ಸ್ಟಿಕ್ ಮುಟ್ಟದ ದೊಡ್ಡಪ್ಪಂದಿರು ಏಪ್ರಿಲ್ ಬಿಸಿಲಿನಲ್ಲಿ ಒಮ್ಮೆಲೇ ಓಟ ಕಿತ್ತು ತೊಡೆಯ ಹಿಂಭಾಗ ಹಿಡಿದುಕೊಂಡು ಕೂರುವುದೂ ಅಲ್ಲೇ. ಕೆಸರುಗದ್ದೆ ಆಟಕ್ಕೂ ಹಗ್ಗಜಗ್ಗಾಟಕ್ಕೂ ಇದೇ ಕಥೆ.

ತಾರೀಕು ಗೊತ್ತಿರುವ ಇಂಥ ಗುರಿ ತುಂಬ ಒಳ್ಳೆಯದು. ಎಂಟು ವಾರ ಮುಂಚೆ ಶುರು ಮಾಡಿ. ಮೊದಲ ಮೂರು ವಾರ ನಡಿಗೆ, ನಡುವೆ ಒಂದೊಂದು ನಿಮಿಷದ ನಿಧಾನ ಓಟ. ಆಮೇಲೆ ಮೂರು ವಾರ 20 ನಿಮಿಷ ಎಡೆಬಿಡದ ಓಟ. ಕೊನೆಯ ಎರಡು ವಾರ ಮಾತ್ರ 20 ಮೀಟರಿನ ಜೋರು ಓಟಗಳು, ಮೊದಲು ಮುಕ್ಕಾಲು ವೇಗದಲ್ಲಿ.

ತೊಡೆಯ ಹಿಂದಿನ ಸ್ನಾಯುವಿಗೆ ಫುಟ್‌ಬಾಲ್ ತಂಡಗಳು ಮಾಡುವ ವ್ಯಾಯಾಮ ಒಂದಿದೆ, ನಾರ್ಡಿಕ್ ಅಂತ. ಮೆತ್ತನೆ ಚಾಪೆಯ ಮೇಲೆ ಮಂಡಿಯೂರಿ. ಹಿಂದಿನಿಂದ ಒಬ್ಬರು ನಿಮ್ಮ ಕಣಕಾಲುಗಳನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಮಂಡಿಯಿಂದ ತಲೆವರೆಗೆ ನೇರ ಇದ್ದು, ಸೊಂಟ ಮಡಚದೆ, ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ. ಇನ್ನು ತಡೆಯಲಾಗದು ಅನ್ನುವಾಗ ಕೈಯೂರಿ ಇಳಿಯಿರಿ, ಕೈಯಿಂದಲೇ ತಳ್ಳಿಕೊಂಡು ಮೇಲೆ ಬನ್ನಿ. ವಾರಕ್ಕೆ ಒಂದು ದಿನ, ನಾಲ್ಕೈದು ಸಲದಿಂದ ಶುರು. ಮೊದಲ ದಿನವೇ ಜಾಸ್ತಿ ಮಾಡಿದರೆ ಮಾರನೇ ದಿನ ಜೀಪು ಹತ್ತಲು ಆಗುವುದಿಲ್ಲ.

ಕೊನೆಗೆ ಶೂ ವಿಷಯ

ಮಳೆಗಾಲದಲ್ಲಿ ಒಂದೇ ಜೋಡಿ ಇದ್ದರೆ ಅದು ಒಣಗುವುದಿಲ್ಲ, ನಿಮ್ಮ ವಾಕಿಂಗೂ ನಿಲ್ಲುತ್ತದೆ. ಹೊಸದು ತಂದಾಗ ಹಳೆಯದನ್ನು ಎಸೆಯಬೇಡಿ, ಎರಡನ್ನೂ ದಿನ ಬಿಟ್ಟು ದಿನ ಬದಲಿಸಿ ಹಾಕಿ. ಒದ್ದೆ ಶೂನ ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ. ಒಲೆಯ ಪಕ್ಕಕ್ಕೆ ಒತ್ತಿ ಇಟ್ಟರೆ ಗಮ್ ಬಿಟ್ಟು ತಳ ಕಿತ್ತುಬರುತ್ತದೆ. ತಳದ ಗೆರೆಗಳು ಸವೆದು ನುಣ್ಣಗಾದ ಜೋಡಿಯನ್ನು ಮಳೆಯಲ್ಲಿ ಹೊರಗೆ ಹಾಕಲೇಬೇಡಿ, ಜಗುಲಿಯ ವ್ಯಾಯಾಮಕ್ಕೆ ಇಟ್ಟುಕೊಳ್ಳಿ.