ದಾವಣಗೆರೆಯಿಂದ ರಾಕ್ ಕಾರ್ಯಕ್ರಮಕ್ಕೆ: ಟಿಕೆಟ್, ನಿಲ್ಲುವ ಜಾಗ, ವಾಪಸ್ ಬಸ್ಸು, ಕಿವಿ

ದುಡ್ಡು ದಂಡವಾಯಿತು ಎಂದು ಬೈದುಕೊಂಡು ಬಸ್ಸು ಹತ್ತುವವರೂ, ಜನ್ಮದಲ್ಲಿ ಮರೆಯಲ್ಲ ಎನ್ನುವವರೂ ಎಷ್ಟೋ ಸಲ ಒಂದೇ ಮೈದಾನದಿಂದ ಬಂದಿರುತ್ತಾರೆ. ಕೇಳಿದ್ದು ಅದೇ ಬ್ಯಾಂಡ್, ಅವೇ ಹಾಡು. ನಿಂತ ಜಾಗ ಮಾತ್ರ ಬೇರೆ. ದಾವಣಗೆರೆ, ಚಿತ್ರದುರ್ಗದಿಂದ ಬೆಂಗಳೂರಿಗೆ ಹೋಗಿ ಕೇಳುವವರಿಗೆ ಇದರ ಜೊತೆಗೆ ವಾಪಸ್ ಬರುವ ಚಿಂತೆಯೂ ಇರುತ್ತದೆ. ಬಸ್ಸು ತಪ್ಪುತ್ತದೆಂದು ಕೊನೆಯ ಮೂರು ಹಾಡು ಬಿಟ್ಟು ಓಡಿದವರಿಗೆ ಎಂಥ ಬ್ಯಾಂಡ್ ಬಂದರೂ ಕಾರ್ಯಕ್ರಮ ಅರ್ಧಕ್ಕೇ ಮುಗಿದಂತೆ. ಎರಡನ್ನೂ ಹೊರಡುವ ಮೊದಲೇ ಸರಿಮಾಡಿಕೊಳ್ಳಬಹುದು.

ಟಿಕೆಟ್ ಕೊಳ್ಳುವ ಮೊದಲು

ಪೋಸ್ಟರನ್ನು ಪೂರ್ತಿ ಓದಿ. ದೊಡ್ಡ ಬ್ಯಾಂಡಿನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ಟ್ರಿಬ್ಯೂಟ್’ ಅಂತಿದ್ದರೆ ನುಡಿಸುವವರು ಬೇರೆಯವರು. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಟ್ರಿಬ್ಯೂಟ್ ಬ್ಯಾಂಡುಗಳಿವೆ. ಆದರೆ ಗೊತ್ತಿದ್ದು ಹೋಗಬೇಕು. ಹಳೆಯ ಬ್ಯಾಂಡ್ ಆದರೆ ಈಗಿನ ಹಾಡುಗಾರ ಯಾರು, ಮೊದಲಿನ ಗಿಟಾರ್‌ನವರು ಇದ್ದಾರಾ ಎಂದು ನೋಡಿ.

ಆಮೇಲೆ ನೋಡಬೇಕಾದ್ದು ಎಷ್ಟು ಹೊತ್ತು ನುಡಿಸುತ್ತಾರೆ ಎಂಬುದು. ಒಂದೇ ಬ್ಯಾಂಡಿನ ಕಾರ್ಯಕ್ರಮ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆ. ಏಳೆಂಟು ಬ್ಯಾಂಡುಗಳ ಉತ್ಸವದಲ್ಲಿ ಅದೇ ಬ್ಯಾಂಡಿಗೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಿಗಬಹುದು. ನಿರಾಸೆಯಾದವರಲ್ಲಿ ದೊಡ್ಡ ಪಾಲು ಇದನ್ನು ನೋಡದೆ ಹೋದವರದು. ಪ್ರವಾಸದಲ್ಲಿರುವ ಬ್ಯಾಂಡುಗಳು ಊರಿಂದ ಊರಿಗೆ ಹಾಡಿನ ಪಟ್ಟಿಯನ್ನು ಹೆಚ್ಚು ಬದಲಿಸುವುದಿಲ್ಲ. ಹಿಂದಿನ ವಾರ ಬೇರೆ ಊರಲ್ಲಿ ಏನು ನುಡಿಸಿದರು ಎಂದು ಹುಡುಕಿದರೆ ನಿಮಗೆ ಬೇಕಾದ ಹಾಡು ಇದೆಯೋ ಇಲ್ಲವೋ ತಿಳಿಯುತ್ತದೆ.

ವೇದಿಕೆಗೆ ಅಂಟಿಕೊಂಡ ದುಬಾರಿ ವಿಭಾಗವೇ ಒಳ್ಳೆಯದು ಎಂಬ ನಂಬಿಕೆ ಬಿಡಿ. ಮುಖ ಹತ್ತಿರದಿಂದ ಕಾಣಬೇಕೆಂದರೆ ಅದು ಸರಿ. ಹಾಡು ಸರಿಯಾಗಿ ಕೇಳಬೇಕೆಂದರೆ ಮೈದಾನದ ನಕ್ಷೆಯಲ್ಲಿ ಸೌಂಡ್ ಮಿಕ್ಸರ್ (ಹಾಡು, ವಾದ್ಯಗಳ ಶಬ್ದ ಹೊಂದಿಸುವ ಯಂತ್ರ) ಎಲ್ಲಿದೆ ನೋಡಿ. ಎಷ್ಟೋ ಕಡೆ ಅದು ಮೊದಲ ಮತ್ತು ಎರಡನೆಯ ವಿಭಾಗದ ಗಡಿಯಲ್ಲೇ ಇರುತ್ತದೆ. ಹಾಗಿದ್ದರೆ ಕಡಿಮೆ ದರದ ಎರಡನೆಯ ವಿಭಾಗದ ಮುಂಭಾಗ ಸಾಕು.

ಎಲ್ಲಿ ನಿಲ್ಲಬೇಕು

ಇದೇ ಮುಖ್ಯ. ಮಿಕ್ಸರ್ ಹಿಂದೆ ಕೂತವರು ತಮ್ಮ ಕಿವಿಗೆ ಕೇಳಿದ್ದನ್ನು ನೋಡಿಕೊಂಡೇ ಹಾಡು, ಗಿಟಾರ್, ಡ್ರಮ್ಸ್‌ಗಳ ಪ್ರಮಾಣ ಹೊಂದಿಸುತ್ತಾರೆ. ಆದ್ದರಿಂದ ಅವರ ಟೆಂಟಿನ ಪಕ್ಕ ಅಥವಾ ಸ್ವಲ್ಪ ಮುಂದೆ ನಿಂತವರಿಗೆ ಅವರು ಅಂದುಕೊಂಡ ಶಬ್ದವೇ ಸಿಗುತ್ತದೆ. ತೀರಾ ಮುಂದಿನ ಸಾಲಿನಲ್ಲಿ ಎರಡೂ ಬದಿಯ ದೊಡ್ಡ ಸ್ಪೀಕರುಗಳ ಶಬ್ದ ತಲೆಯ ಮೇಲಿಂದ ಹಾದುಹೋಗುತ್ತದೆ; ವೇದಿಕೆ ಮೇಲಿನ ಡ್ರಮ್ಸ್ ಮತ್ತು ಗಿಟಾರ್ ಆಂಪ್ಲಿಫೈಯರ್ ಮಾತ್ರ ನೇರ ಬಡಿಯುತ್ತವೆ. ‘ಹಾಡುಗಾರನ ದನಿಯೇ ಕೇಳಲಿಲ್ಲ’ ಎಂಬ ದೂರು ಹುಟ್ಟುವುದು ಅಲ್ಲಿಂದ. ವೇದಿಕೆಯ ಅಂಚಿನಲ್ಲಿ ಚಿಕ್ಕ ಸ್ಪೀಕರುಗಳ ಸಾಲು ಇಟ್ಟಿದ್ದರೆ ಈ ತೊಂದರೆ ಕಡಿಮೆ.

ದಾವಣಗೆರೆಯ ಕಾಲೇಜು ಮೈದಾನದಂಥ ಜಾಗದಲ್ಲಿ, ವೇದಿಕೆಯ ಎರಡು ಬದಿಗೆ ಒಂದೊಂದು ಸ್ಪೀಕರ್ ರಾಶಿ ಇದ್ದರೆ, ಸರಳ ಲೆಕ್ಕವೊಂದಿದೆ. ಎರಡು ರಾಶಿಗಳ ನಡುವೆ ಎಷ್ಟು ಅಂತರವೋ ಅಷ್ಟೇ ದೂರ, ಹೆಚ್ಚೆಂದರೆ ಅದರ ಒಂದೂವರೆ ಪಟ್ಟು ಹಿಂದೆ, ನಟ್ಟನಡುವೆ ನಿಲ್ಲಿ. ಅಂತರ 12 ಮೀಟರ್ ಇದ್ದರೆ 12ರಿಂದ 18 ಮೀಟರ್ ಹಿಂದೆ. ಒಂದು ಬದಿಗೆ ಸರಿದರೆ ಆ ಬದಿಯ ಸ್ಪೀಕರ್ ಇನ್ನೊಂದನ್ನು ನುಂಗುತ್ತದೆ.

ಹಿಂದೆ ಸರಿದಷ್ಟೂ ಮತ್ತೊಂದು ತೊಡಕು. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. 100 ಮೀಟರ್ ದೂರ ನಿಂತರೆ ಪರದೆಯ ಮೇಲೆ ಡ್ರಮ್ಸ್ ಕೋಲು ಬಿದ್ದು ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ಕಳೆದ ಮೇಲೆ ಏಟು ಕೇಳುತ್ತದೆ. ದೊಡ್ಡ ಮೈದಾನದಲ್ಲಿ ಮಧ್ಯೆ ಗೋಪುರದಂತೆ ನಿಲ್ಲಿಸಿದ ಸ್ಪೀಕರುಗಳಿರುತ್ತವೆ. ಮುಂದಿನ ಶಬ್ದ ಅಲ್ಲಿಗೆ ತಲುಪುವ ಹೊತ್ತಿಗೇ ಅವೂ ನುಡಿಯುವಂತೆ ತಡಮಾಡಿ ಹೊಂದಿಸಿರುತ್ತಾರೆ. ಹಿಂದೆ ನಿಲ್ಲಲೇಬೇಕಾದರೆ ಅಂಥ ಗೋಪುರದ ಸ್ಪೀಕರುಗಳು ಮುಖ ಮಾಡಿರುವ ಬದಿಯಲ್ಲಿ ನಿಲ್ಲಿ, ಅವುಗಳ ಬೆನ್ನಿನ ಬದಿಯಲ್ಲಿ ಬೇಡ.

ಚಿತ್ರದುರ್ಗದವರಿಗೆ ಗಾಳಿಯ ಬಗ್ಗೆ ಹೇಳಿಕೊಡಬೇಕಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳೇ ಸಾಕ್ಷಿ. ಗಾಳಿ ಬೀಸುವ ದಿಕ್ಕಿನಲ್ಲಿ ಸಾಗುವ ಶಬ್ದ ನೆಲದ ಕಡೆಗೆ ಬಾಗುತ್ತದೆ, ಎದುರು ಗಾಳಿಗೆ ಸಾಗುವುದು ಮೇಲಕ್ಕೆ ಬಾಗಿ ಜನರ ತಲೆ ತಪ್ಪಿಸಿ ಹೋಗುತ್ತದೆ. ಆಷಾಢದ ಗಾಳಿಯಲ್ಲಿ ಬಯಲು ಕಾರ್ಯಕ್ರಮವಿದ್ದರೆ ವೇದಿಕೆಯ ಕಡೆಯಿಂದ ಗಾಳಿ ನಿಮ್ಮ ಮುಖಕ್ಕೆ ಬೀಸುವ ಬದಿಯಲ್ಲಿ ನಿಲ್ಲಿ. ಅಡ್ಡಗಾಳಿಗೆ ಶಬ್ದ ಬಂದು ಹೋಗಿ ಮಾಡಿದರೆ ಅದನ್ನು ಸೌಂಡ್‌ನವರ ತಲೆಗೆ ಕಟ್ಟಬೇಡಿ.

ತಗಡಿನ ಚಾವಣಿಯ ಸಭಾಂಗಣ, ಕಲ್ಯಾಣ ಮಂಟಪಗಳಲ್ಲಿ ಗೋಡೆಯಿಂದ ಗೋಡೆಗೆ ಪುಟಿಯುವ ಪ್ರತಿಧ್ವನಿಯೇ ಶತ್ರು. ಹಿಂಗೋಡೆಗೆ ಒರಗಬೇಡಿ, ಅಲ್ಲಿ ಬಾಸ್ (ತಗ್ಗಿನ ಸ್ವರಗಳು) ಗುಡುಗಿ ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಬಾಲ್ಕನಿಯ ಕೆಳಗೂ ಬೇಡ. ಮುಂಭಾಗದಿಂದ ಮೂರನೇ ಒಂದು ಭಾಗ ಹಿಂದೆ, ನಡುಸಾಲು ಹಿಡಿಯಿರಿ. ಜನ ತುಂಬಿದಷ್ಟೂ ಪ್ರತಿಧ್ವನಿ ಇಳಿಯುತ್ತದೆ, ಯಾಕೆಂದರೆ ಮೈ, ಬಟ್ಟೆ ಶಬ್ದವನ್ನು ಹೀರುತ್ತವೆ. ಖಾಲಿ ಸಭಾಂಗಣದಲ್ಲಿ ಹೊಂದಿಸಿದ್ದನ್ನು ಜನ ಸೇರಿದ ಮೇಲೆ ಮತ್ತೆ ಹೊಂದಿಸಬೇಕಾಗುತ್ತದೆ. ಹಾಗಾಗಿ ಮೊದಲ ಎರಡು ಹಾಡು ಕೇಳಿ ಕಾರ್ಯಕ್ರಮವನ್ನು ತೀರ್ಮಾನಿಸಬೇಡಿ. ಮೂರನೆಯ ಹಾಡಿಗೂ ಮೈಕ್ ಕುಂಯ್ ಎನ್ನುತ್ತಿದ್ದರೆ ಮೈಕನ್ನು ಸ್ಪೀಕರಿನ ಮುಂದೆ ಇಟ್ಟಿದ್ದಾರೆ ಅಥವಾ ದನಿಯನ್ನು ಅತಿಯಾಗಿ ಏರಿಸಿದ್ದಾರೆ ಎಂದರ್ಥ. ಹಾಡು ನಿಂತಾಗಲೂ ಒಂದೇ ಸಮನೆ ಗುಂಯ್ ಎನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲ. ಗಿಟಾರಿಗೆ ಒಂದು ಕಡೆ, ಮಿಕ್ಸರಿಗೆ ಇನ್ನೊಂದು ಕಡೆ ಕರೆಂಟ್ ಎಳೆದಾಗ ಹೀಗಾಗುತ್ತದೆ. ಕಾಲೇಜು ಹಬ್ಬ ನಡೆಸುವ ಹುಡುಗರು ಗಮನಿಸಲಿ: ವೇದಿಕೆ ಮತ್ತು ಮಿಕ್ಸರಿಗೆ ಒಂದೇ ಮೂಲದಿಂದ ಕರೆಂಟ್ ಕೊಡಿ, ಲೈಟಿಂಗಿಗೆ ಬೇರೆ ಲೈನ್ ಮಾಡಿಸಿ. ಸಂಜೆ ಜನ ಬರುವ ಮೊದಲು ಪ್ರತಿ ಬ್ಯಾಂಡಿಗೂ ಅರ್ಧ ಗಂಟೆ ಸೌಂಡ್ ನೋಡಿಕೊಳ್ಳಲು ಬಿಡಿ. ಸ್ವಾಗತ ಭಾಷಣ, ಸನ್ಮಾನಗಳಿಗೆ ಆ ಸಮಯ ಹೋದ ಕಡೆ ಬ್ಯಾಂಡ್ ಎಷ್ಟು ತಾಲೀಮು ಮಾಡಿ ಬಂದಿದ್ದರೂ ಕೆಡುತ್ತದೆ.

ಜನರ ಒತ್ತಡ

2011ರ ಅಕ್ಟೋಬರ್ 28ರಂದು ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಮೆಟಾಲಿಕಾ ನುಡಿಸಬೇಕಿತ್ತು. ವೇದಿಕೆ ಮುಂದಿನ ಬ್ಯಾರಿಕೇಡ್ ಮುರಿದು ಕಾರ್ಯಕ್ರಮ ನಿಂತುಹೋಯಿತು, ದೂರದೂರುಗಳಿಂದ ಬಂದವರು ಒಂದು ಹಾಡೂ ಕೇಳದೆ ಮರಳಿದರು. ಎರಡೇ ದಿನದಲ್ಲಿ, 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ಬ್ಯಾಂಡ್ ನುಡಿಸಿತು. 2007ರ ಮಾರ್ಚ್ 17ರಂದು ಐರನ್ ಮೇಡನ್ ನುಡಿಸಿದ್ದೂ ಅರಮನೆ ಮೈದಾನದಲ್ಲೇ. ಅವೆರಡೂ ಇವತ್ತಿಗೂ ಮಾತಿಗೆ ಬರುತ್ತವೆ. ಮುಂಭಾಗದಲ್ಲಿ ನಿಂತಾಗ ಒಂದು ಪರೀಕ್ಷೆ ಮಾಡಿ: ಕೈ ಎತ್ತಿ ಮುಖ ಮುಟ್ಟಲು ಆಗುತ್ತಿಲ್ಲವೆಂದರೆ ತಕ್ಷಣ ಹೊರಡಿ. ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಇಟ್ಟುಕೊಳ್ಳಿ. ಜನರ ನೂಕಿಗೆ ಎದುರು ತಳ್ಳಬೇಡಿ. ನೂಕು ಸಡಿಲಾದಾಗಲೆಲ್ಲ ಓರೆಯಾಗಿ ಬದಿಗೆ ಸರಿಯಿರಿ.

ಹೋಗುವುದು, ಬರುವುದು

ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು 2000ದ ಶಬ್ದಮಾಲಿನ್ಯ ನಿಯಮ ತಡೆಯುತ್ತದೆ. ವಿಶೇಷ ಅನುಮತಿ ಇಲ್ಲದಿದ್ದರೆ ಕಾರ್ಯಕ್ರಮ 10ಕ್ಕೆ ಮುಗಿಯುತ್ತದೆ ಎಂದೇ ಲೆಕ್ಕ ಹಾಕಿ. ಸಾವಿರಾರು ಜನರ ಮೈದಾನದಿಂದ ರಸ್ತೆಗೆ ಬರಲು ಮುಕ್ಕಾಲು ಗಂಟೆ ಹಿಡಿಯಬಹುದು, ಅಲ್ಲಿಂದ ಮೆಜೆಸ್ಟಿಕ್ ಮುಟ್ಟಲು ಮತ್ತಷ್ಟು. ಆದ್ದರಿಂದ 11:45ಕ್ಕಿಂತ ಮುಂಚಿನ ಬಸ್ಸಿಗೆ ಸೀಟು ಕಾದಿರಿಸಬೇಡಿ. ದಾವಣಗೆರೆಗೆ ಸುಮಾರು 260 ಕಿ.ಮೀ., ಬೆಳಗಿನ ಜಾವಕ್ಕೆ ತಲುಪುತ್ತೀರಿ. ತಡರಾತ್ರಿ ಹೊರಡುವ ರಾಣಿ ಚೆನ್ನಮ್ಮ ರೈಲು ಆರಾಮದ್ದೇ ನಿಜ, ಆದರೆ ಅದು ನಿಮಗಾಗಿ ಕಾಯುವುದಿಲ್ಲ. ಆ ದಿನದ ವೇಳೆ ನೋಡಿ, ಕಾರ್ಯಕ್ರಮ ಬೇಗ ಮುಗಿಯುವುದಾದರೆ ಮಾತ್ರ ನಂಬಿ. ಚಿತ್ರದುರ್ಗದವರಿಗೆ ಬಸ್ಸೇ ಸರಿ, ಮುಖ್ಯ ರೈಲುಮಾರ್ಗ ಅಲ್ಲಿಗೆ ಹೋಗದೆ ಚಿಕ್ಕಜಾಜೂರಿನ ಮೇಲೆ ಹಾದುಹೋಗುತ್ತದೆ.

ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಕಾರ್ಯಕ್ರಮವಿದ್ದರೆ ನಮ್ಮ ಕಡೆಯವರಿಗೆ ಅನುಕೂಲ. ಮೆಜೆಸ್ಟಿಕ್‌ವರೆಗೆ ಹೋಗಬೇಕಿಲ್ಲ, ನಮ್ಮೂರಿನ ಬಸ್ಸುಗಳು ಓಡುವ ರಸ್ತೆಯೇ ಅದು. ಟಿಕೆಟ್ ಮಾಡುವಾಗ ಹತ್ತುವ ಜಾಗವನ್ನು ಆ ಕಡೆಯ ನಿಲ್ದಾಣಕ್ಕೆ ಬದಲಿಸಿಕೊಳ್ಳಿ. ಮೆಟ್ರೋದ ಮಾದಾವರ ನಿಲ್ದಾಣವೂ ಪಕ್ಕದಲ್ಲೇ ಇದೆ.

ಬ್ಯಾಗು ಒಳಗೆ ಬಿಡದಿರುವ ಕಡೆಯೇ ಹೆಚ್ಚು. ಊರಿಂದ ತಂದ ಚೀಲವನ್ನು ರೈಲ್ವೆ ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಬಿಡಿ; ಬೀಗ ಹಾಕಿರದ ಚೀಲವನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ರೈಲು ಟಿಕೆಟ್ಟೂ ಕೇಳುತ್ತಾರೆ. ಜನ ಸೇರಿದ ಮೇಲೆ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ, ಹಾಗಾಗಿ ಪ್ರವೇಶ ಟಿಕೆಟ್ಟನ್ನೂ ಬಸ್ ಟಿಕೆಟ್ಟನ್ನೂ ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಜೊತೆಯವರು ತಪ್ಪಿಸಿಕೊಂಡರೆ ಸೇರುವ ಜಾಗ ಗೊತ್ತುಮಾಡಿ. ಗೇಟಿನ ಮುಂದೆ ಬೇಡ, ಗೇಟು ದಾಟಿದ ಮೇಲಿನ ಒಂದು ಅಂಗಡಿ ಇರಲಿ.

ಕಿವಿ

100 ಡೆಸಿಬಲ್ ಶಬ್ದದಲ್ಲಿ ಕಿವಿಗೆ ಸುರಕ್ಷಿತ ಅವಧಿ ಬರೀ 15 ನಿಮಿಷ. ಪ್ರತಿ 3 ಡೆಸಿಬಲ್ ಇಳಿದರೆ ಅವಧಿ ಎರಡರಷ್ಟಾಗುತ್ತದೆ: 97ಕ್ಕೆ ಅರ್ಧ ಗಂಟೆ, 94ಕ್ಕೆ ಒಂದು ಗಂಟೆ. ರಾಕ್ ಕಾರ್ಯಕ್ರಮದಲ್ಲಿ ಸ್ಪೀಕರಿನ ಹತ್ತಿರ ನೂರು ದಾಟುವುದು ಮಾಮೂಲು, ಆದ್ದರಿಂದ ಎರಡು ಗಂಟೆಗೆ ಇಯರ್‌ಪ್ಲಗ್ ಬೇಕೇ ಬೇಕು. ಹತ್ತಿ ತುರುಕಿದರೆ ಪ್ರಯೋಜನವಿಲ್ಲ. ಫೋಮ್ ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಫೋಮಿನಲ್ಲಿ ಸಿಂಬಲ್ (ಡ್ರಮ್ಸ್ ಜೊತೆಯ ಲೋಹದ ತಟ್ಟೆ), ಗಿಟಾರಿನ ಮೇಲಿನ ಸ್ವರಗಳು ಮಂಕಾಗುತ್ತವೆ. ಅದು ಬೇಡವೆನ್ನುವವರು ಸಂಗೀತಗಾರರು ಬಳಸುವ, ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ ಪ್ಲಗ್ ಕೊಳ್ಳಲಿ. ಮಕ್ಕಳಿಗೆ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ.

ಮರುದಿನ ಬೆಳಿಗ್ಗೆಯೂ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿದ್ದರೆ ಆ ದಿನ ಹೆಡ್‌ಫೋನ್ ಮುಟ್ಟಬೇಡಿ. ಎರಡು ದಿನವಾದರೂ ಹೋಗದಿದ್ದರೆ, ಇಲ್ಲವೇ ಒಂದು ಕಿವಿ ಮಂದವಾದಂತೆ ಅನಿಸಿದರೆ, ತಡಮಾಡದೆ ಇಎನ್‌ಟಿ ವೈದ್ಯರಿಗೆ ತೋರಿಸಿ.